ಕುಡುಗೋಲಿಗೂ ರಹದಾರಿ ಬೇಕೆ?

ಲಿಂಗಸುಗೂರು, ಮಸ್ಕಿ, ಸಿಂಧನೂರು—ರಾಯಚೂರು ಜಿಲ್ಲೆಯ ಈ ಮೂರು ಊರುಗಳು ಸುರಪುರದಿಂದ ಬಳ್ಳಾರಿಯ ಕಡೆಗೆ ಹೋಗುವ ಒಂದೇ ಹೆದ್ದಾರಿಯ ಮೇಲೆ ಒಂದರ ಹಿಂದೊಂದು ಪೋಣಿಸಿದಂತೆ ನಿಂತಿವೆ. ಸುಗ್ಗಿಯ ದಿನಗಳಲ್ಲಿ ಈ ಹಾದಿಯ ಬೆಳಗಿನ ಬಸ್ಸುಗಳನ್ನು ಹತ್ತುವ ಕೂಲಿಕಾರ ಹೆಂಗಸರ ಕೈಯಲ್ಲಿ ಬುತ್ತಿಯ ಗಂಟು ಇರುವಂತೆಯೇ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕುಡುಗೋಲೂ ಇರುತ್ತದೆ. ಕುರಿಯ ಹಿಂಡಿನ ಹಿಂದೆ ನಡೆಯುವವನ ಹೆಗಲ ಮೇಲೆ, ಉದ್ದನೆಯ ಗಳುವಿನ ತುದಿಗೆ ಕಟ್ಟಿದ ಕತ್ತಿ. ಜಾಲಿ ಕಡಿಯಲು ಹೊರಟವನ ಹೆಗಲ ಮೇಲೆ ಕೊಡಲಿ. ಬಡಗಿಯ ಚೀಲದಲ್ಲಿ ಬಾಚಿ, ಉಳಿ. ನಿಲ್ದಾಣದ ಎದುರಿನಲ್ಲಿ ಎಳನೀರು ಮಾರುವವನ ಕೈಯಲ್ಲಿ ಮಚ್ಚು. ಇವರನ್ನು ಕಂಡು ದಾರಿಹೋಕರು ಯಾರೂ ಬೆದರುವುದಿಲ್ಲ. ಇವರಿಗೂ ತಾವು ಆಯುಧಪಾಣಿಗಳಾಗಿ ಹೊರಟಿದ್ದೇವೆಂಬ ಭಾವನೆ ಇರುವುದಿಲ್ಲ.

ಆದರೆ ಇದೇ ಹಾದಿಯ ಸಿಂಧನೂರು ೨೦೨೦ರ ಜುಲೈ ತಿಂಗಳಲ್ಲಿ ಬೇರೊಂದು ನೋಟವನ್ನು ಕಂಡಿತು. ಹಿರಿಯರ ಒಪ್ಪಿಗೆಯಿಲ್ಲದೆ ನಡೆದ ಒಂದು ಮದುವೆಯ ಹಗೆ ಬೆಳೆದು, ಗಂಡಿನ ಮನೆಯ ಹಲವರನ್ನು ಹಾಡುಹಗಲಿನಲ್ಲಿ ಕಡಿದು ಕೊಲ್ಲುವವರೆಗೆ ಹೋಯಿತು. ಈ ಪ್ರಕರಣದಲ್ಲಿ ಸಿಂಧನೂರಿನ ನ್ಯಾಯಾಲಯವು ೨೦೨೫ರ ಏಪ್ರಿಲಿನಲ್ಲಿ ಮೂವರಿಗೆ ಮರಣದಂಡನೆಯನ್ನೂ ಇನ್ನು ಕೆಲವರಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ತೀರ್ಪು ಬರಲು ಐದು ವರ್ಷಗಳು ಹಿಡಿದವು. ಕೊಲೆಗೆ ಕೆಲವು ನಿಮಿಷಗಳು ಸಾಕಾದವು.

ಇಂಥ ಘಟನೆಯೊಂದು ನಡೆದಾಗಲೆಲ್ಲ ಊರ ಕಟ್ಟೆಯ ಮೇಲೂ ಪತ್ರಿಕೆಯ ಅಂಕಣಗಳಲ್ಲೂ ಒಂದು ಪ್ರಶ್ನೆ ಏಳುತ್ತದೆ. ಬಂದೂಕಿಗೆ ರಹದಾರಿ ಬೇಕೆನ್ನುವ ಸರಕಾರ, ಬಂದೂಕಿನಷ್ಟೇ ನಿಶ್ಚಿತವಾಗಿ ಪ್ರಾಣ ತೆಗೆಯುವ ಮಚ್ಚನ್ನು ಬೀದಿಯಲ್ಲಿ ಹಿಡಿದು ತಿರುಗಲು ಏಕೆ ಬಿಡಬೇಕು? ಹರಿತವಾದ ಅಲಗನ್ನು ಸಾರ್ವಜನಿಕ ಸ್ಥಳದಲ್ಲಿ ಕೊಂಡೊಯ್ಯುವುದನ್ನೇ ಅಪರಾಧವೆಂದು ಸಾರಬಾರದೇಕೆ? ಪ್ರಶ್ನೆ ತಳ್ಳಿಹಾಕುವಂಥದಲ್ಲ. ಸತ್ತವರ ಮನೆಯವರು ಕೇಳಿದಾಗಲಂತೂ ಉತ್ತರಿಸದೆ ಇರಲಾಗದು. ಆದರೆ ಉತ್ತರವನ್ನು ಹೇಳುವ ಮೊದಲು, ಈಗಿರುವ ಕಾಯಿದೆ ಏನೆನ್ನುತ್ತದೆ ಎಂಬುದನ್ನು ನೋಡುವುದು ಒಳ್ಳೆಯದು. ಹೊಸ ಕಾಯಿದೆ ಬೇಕೆನ್ನುವವರಲ್ಲಿ ಹಲವರು ಹಳೆಯದನ್ನು ಓದಿರುವುದಿಲ್ಲ.

೧೯೫೯ರ ಆಯುಧ ಕಾಯಿದೆ ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಅದರ ಎರಡನೆಯ ಕಲಮಿನಲ್ಲಿ ಆಯುಧವೆಂದರೆ ಏನೆಂಬ ವಿವರಣೆ ಇದೆ. ಆಕ್ರಮಣಕ್ಕಾಗಲಿ ರಕ್ಷಣೆಗಾಗಲಿ ರೂಪಿಸಿದ ವಸ್ತು ಯಾವುದೇ ಇರಲಿ, ಹರಿತ ಅಲಗಿನ ಮಾರಕ ಸಾಧನಗಳೂ ಸೇರಿದಂತೆ, ಅದು ಆಯುಧವೇ. ಆದರೆ ಕೇವಲ ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆ ರೂಪಿಸಿದ ಸಾಧನಗಳು ಆಯುಧಗಳಲ್ಲ. ಲಾಠಿ ಮತ್ತು ಊರುಗೋಲುಗಳನ್ನು ಉದಾಹರಣೆಗೆಂದು ಅಲ್ಲಿಯೇ ಹೇಳಲಾಗಿದೆ. ಈ ಕಾಯಿದೆಯ ಕೆಳಗಿನ ನಿಯಮಾವಳಿಯಲ್ಲಿ ಖಡ್ಗ, ಕಠಾರಿ, ಭರ್ಜಿ, ಸಂಗೀನು ಮೊದಲಾದವುಗಳ ಒಂದು ಪಟ್ಟಿ ಉಂಟು. ಅಲಗಿನ ಉದ್ದ ಒಂಬತ್ತು ಅಂಗುಲಕ್ಕಿಂತ ಅಥವಾ ಅಗಲ ಎರಡು ಅಂಗುಲಕ್ಕಿಂತ ಹೆಚ್ಚಾಗಿದ್ದರೆ ಅಂಥ ಕತ್ತಿಯೂ ಆ ಪಟ್ಟಿಗೆ ಸೇರುತ್ತದೆ. ಆದರೆ ಅಲ್ಲಿಯೂ ಮನೆ, ಹೊಲ, ವಿಜ್ಞಾನ ಮತ್ತು ಕೈಗಾರಿಕೆಗಳಿಗಾಗಿ ರೂಪಿಸಿದವನ್ನು ಹೊರಗಿಟ್ಟಿದ್ದಾರೆ. ಹೊರಗಿಡದಿದ್ದರೆ ನಾಡಿನ ಪ್ರತಿಯೊಂದು ಅಡಿಗೆಮನೆಯ ಈಳಿಗೆಮಣೆಯೂ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತಿತ್ತು.

ಬಂದೂಕಿಗೆ ದೇಶದಲ್ಲೆಲ್ಲ ರಹದಾರಿ ಬೇಕು. ಖಡ್ಗ ಕಠಾರಿಗಳ ಮಾತು ಹಾಗಲ್ಲ. ಯಾವುದೋ ಒಂದು ಪ್ರದೇಶದ ಪರಿಸ್ಥಿತಿಯನ್ನು ನೋಡಿ, ಸಾರ್ವಜನಿಕ ಹಿತಕ್ಕೆ ಅವಶ್ಯವೆಂದು ತೋರಿದರೆ, ಅಲ್ಲಿ ಇವಕ್ಕೂ ರಹದಾರಿ ಬೇಕೆಂದು ಸರಕಾರ ಅಧಿಸೂಚನೆ ಹೊರಡಿಸಬಹುದು. ಇದು ನಾಲ್ಕನೆಯ ಕಲಮು. ಅಂಥ ಅಧಿಸೂಚನೆ ಇರುವ ಕಡೆ ರಹದಾರಿಯಿಲ್ಲದೆ ಹಿಡಿದು ತಿರುಗಿದವನಿಗೆ ಒಂದರಿಂದ ಮೂರು ವರ್ಷಗಳವರೆಗೆ ಸೆರೆವಾಸ ಉಂಟು. ಎಂದರೆ, ಅಲಗನ್ನು ನಿಯಂತ್ರಿಸುವ ಅಧಿಕಾರ ಸರಕಾರಕ್ಕೆ ಇಲ್ಲವೆನ್ನುವಂತಿಲ್ಲ. ಅದನ್ನು ಎಲ್ಲೆಡೆಯಲ್ಲೂ ಎಲ್ಲರ ಮೇಲೂ ಹೇರದೆ, ಬೇಕಾದಲ್ಲಿ ಬೇಕಾದಾಗ ಬಳಸಬೇಕೆಂಬುದು ಕಾಯಿದೆ ಮಾಡಿದವರ ಇಂಗಿತವಾಗಿತ್ತು.

ಅವರು ಇಷ್ಟು ಎಚ್ಚರಿಕೆ ವಹಿಸಿದ್ದಕ್ಕೆ ಕಾರಣವಿತ್ತು. ಆಯುಧವನ್ನು ಕಾಯಿದೆಯಿಂದ ಕಟ್ಟುವ ಯತ್ನ ಈ ನಾಡಿಗೆ ಹೊಸದಾಗಿರಲಿಲ್ಲ. ಅದರ ನೆನಪೂ ಸಿಹಿಯಾಗಿರಲಿಲ್ಲ. ೧೮೫೭ರಲ್ಲಿ ಉತ್ತರ ಹಿಂದೂಸ್ಥಾನದ ದಂಗೆಯಿಂದ ಬೆಚ್ಚಿದ ಇಂಗ್ಲಿಷರು ಜನರ ಕೈಯಲ್ಲಿದ್ದ ಆಯುಧಗಳನ್ನು ಒಪ್ಪಿಸಿಕೊಳ್ಳಲು ನಿಃಶಸ್ತ್ರೀಕರಣದ ಕಾಯಿದೆಯನ್ನು ಮಾಡಿದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಅದು ಒಪ್ಪಿಗೆಯಾಗಲಿಲ್ಲ. ಬೇಟೆಯೇ ಅವರ ಬದುಕು. ಆಯುಧವನ್ನು ಕೊಟ್ಟ ಮೇಲೆ ಅವರ ಕೈಯಲ್ಲಿ ಏನು ಉಳಿಯುತ್ತಿತ್ತು? ಅವರು ಕೊಡಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಮುತ್ತಿತು. ಮನೆಗಳು ಸುಟ್ಟವು, ಅನೇಕರು ಮಡಿದರು, ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಮುಂದೆ ಫ್ಲೀಟ್ ಸಾಹೇಬರು ಸಂಗ್ರಹಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯದೂ ಒಂದು. ಉತ್ತರ ಕರ್ನಾಟಕದ ಹಳ್ಳಿಗಳು ಅದನ್ನು ಮರೆತಿಲ್ಲ. ಕೆಲವು ತಿಂಗಳಲ್ಲಿಯೇ, ೧೮೫೮ರ ಫೆಬ್ರುವರಿಯಲ್ಲಿ, ಸುರಪುರದ ವೆಂಕಟಪ್ಪ ನಾಯಕನ ಮೇಲೆ ಏರಿಹೋದ ಸೈನ್ಯದಲ್ಲಿ ಲಿಂಗಸುಗೂರಿನ ದಂಡಿನ ತುಕಡಿಯೂ ಇತ್ತು. ಲಿಂಗಸುಗೂರು ಆಗ ದಂಡಿನ ಠಾಣ್ಯವಾಗಿತ್ತು.

ಲಾರ್ಡ್ ಲಿಟ್ಟನನ ಕಾಲದ ೧೮೭೮ರ ಆಯುಧ ಕಾಯಿದೆ ಈ ಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿತು. ಬಿಳಿಯರಿಗೆ ವಿನಾಯಿತಿ, ಕರಿಯರಿಗೆ ರಹದಾರಿ ಎಂಬ ಭೇದ ಅದರಲ್ಲಿತ್ತು. ದೇಶಭಕ್ತರ ಕಣ್ಣಿಗೆ ಅದು ಚುಚ್ಚಿದ್ದು ಸಹಜವೇ. ಸ್ವಾತಂತ್ರ್ಯ ಬಂದ ಹನ್ನೆರಡನೆಯ ವರ್ಷಕ್ಕೆ ಆ ಕಾಯಿದೆಯನ್ನು ತೆಗೆದುಹಾಕಿ ಹೊಸದನ್ನು ತಂದವರಿಗೆ, ರೈತನ ಕೈಯ ಕುಡುಗೋಲನ್ನು ಸಂದೇಹದಿಂದ ನೋಡುವ ಸರಕಾರ ತಮ್ಮದಾಗಬಾರದೆಂಬ ಅರಿವು ಇದ್ದಿತೆಂದು ಅದರ ಒಂದೊಂದು ಕಲಮೂ ಹೇಳುತ್ತದೆ.

ಇಷ್ಟಾದರೂ, ‘ಕೇವಲ ಬೇಸಾಯಕ್ಕೆ ರೂಪಿಸಿದ’ ಎಂಬ ಮಾತನ್ನು ಬೀದಿಯಲ್ಲಿ ನಿಂತ ಪೋಲೀಸ್ ಪೇದೆ ತಿಳಿಯುವುದು ಹೇಗೆಂದು ಯಾರಾದರೂ ಕೇಳಬಹುದು. ಕಾನೂನಿನ ಪುಸ್ತಕಕ್ಕಿಂತ ಕಮ್ಮಾರನ ಕುಲುಮೆ ಈ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುತ್ತದೆ. ಪೈರು ಕೊಯ್ಯುವ ಕುಡುಗೋಲು ಬಾಗಿದ್ದು, ತೆಳ್ಳಗಿದ್ದು, ಹಲವು ಸಲ ಒಳಬದಿಗೆ ಕರಗಸದಂತೆ ಸಣ್ಣ ಹಲ್ಲುಗಳನ್ನು ಪಡೆದಿರುತ್ತದೆ. ಎಡಗೈಯ ಹಿಡಿಯಲ್ಲಿ ಸೇರಿದ ದಂಟುಗಳನ್ನು ತನ್ನ ಕಡೆಗೆ ಎಳೆದು ಕತ್ತರಿಸುವುದಷ್ಟೇ ಅದರ ಕೆಲಸ. ಬೀಸಿ ಹೊಡೆಯಲು ಅದು ಹೇಳಿಸಿದ್ದಲ್ಲ. ಕೊಡಲಿಯ ಅಲಗು ಮೋಟು, ಭಾರವೆಲ್ಲ ತುದಿಯಲ್ಲಿ, ಕಾವು ಮರದ್ದು. ಲಾರಿಯ ಹಳೆಯ ಕಮಾನುಪಟ್ಟಿಯನ್ನು ಕಾಸಿ ಬಡಿದು ಮಾಡಿದ ಮಚ್ಚು ದಪ್ಪಬೆನ್ನಿನದು. ತೆಂಗಿನಕಾಯಿಯ ಮೇಲೆ ಬಿದ್ದರೂ ಕೊಂಬೆಯ ಮೇಲೆ ಬಿದ್ದರೂ ಬಾಗದಂತೆ ಹದ ಕೊಟ್ಟಿರುತ್ತಾರೆ. ಈಗ ಪಟ್ಟಣಗಳಲ್ಲಿ ‘ಲಾಂಗು’ ಎಂದು ಕರೆಸಿಕೊಳ್ಳುವ ಉದ್ದನೆಯ ಕತ್ತಿಯನ್ನು ಇವುಗಳ ಪಕ್ಕದಲ್ಲಿಡಬೇಕು. ಅದರಿಂದ ಜೋಳ ಕೊಯ್ಯುವಂತಿಲ್ಲ, ಸೌದೆ ಸೀಳುವಂತಿಲ್ಲ, ಕಾಯಿ ಒಡೆಯುವಂತಿಲ್ಲ. ಹೊಲದಲ್ಲಾಗಲಿ ಅಡಿಗೆಮನೆಯಲ್ಲಾಗಲಿ ಅದಕ್ಕೆ ಕೆಲಸವೇ ಇಲ್ಲ. ಮಾಡಿಸಿಕೊಳ್ಳಲು ಬಂದವನ ಉದ್ದೇಶವನ್ನು ಕಮ್ಮಾರ ಅಳತೆ ಕೇಳಿದೊಡನೆಯೇ ತಿಳಿಯುತ್ತಾನೆ. ಪೇದೆಗೂ ಇದು ತಿಳಿಯದ ವಿದ್ಯೆಯಲ್ಲ. ಪೇದೆಗಳಲ್ಲಿ ಬಹುಮಂದಿ ರೈತರ ಮಕ್ಕಳೇ.

ಕೆಲಸದ ಅಲಗು, ಕೊಲೆಯ ಅಲಗು ಎಂಬ ಭೇದ ಎಷ್ಟು ಹಳೆಯದೆಂಬುದಕ್ಕೆ ಮಸ್ಕಿಯ ನೆಲವೇ ಸಾಕ್ಷಿ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನ ೧೯೧೫ರಲ್ಲಿ ದೊರೆತ ಊರೆಂದು ಮಸ್ಕಿ ಪ್ರಸಿದ್ಧವಾಗಿದೆ. ೧೯೫೪ರಲ್ಲಿ ಪುರಾತತ್ತ್ವ ಇಲಾಖೆಯ ಥಾಪರ್ ಅವರು ಅಲ್ಲಿ ಉತ್ಖನನ ನಡೆಸಿದಾಗ, ಅತ್ಯಂತ ಕೆಳಗಿನ ನೆಲೆಯಲ್ಲಿ ಕಲ್ಲಿನಿಂದ ಸೀಳಿದ ಸಣ್ಣ ಸಣ್ಣ ಅಲಗುಗಳೂ, ಅದರ ಮೇಲಿನ ಬೃಹತ್‌ಶಿಲಾ ಸಮಾಧಿಗಳ ಕಾಲದ ನೆಲೆಯಲ್ಲಿ ಕಬ್ಬಿಣದ ಸಾಮಗ್ರಿಗಳೂ ಸಿಕ್ಕವು. ಮನುಷ್ಯನು ಅಲಗಿಲ್ಲದೆ ಈ ಬಯಲಿನಲ್ಲಿ ಒಂದು ದಿನವೂ ಬದುಕಿದಂತೆ ಕಾಣುವುದಿಲ್ಲ.

ಈಗ ಸಿಂಧನೂರಿನ ಕಡೆ ಸ್ಥಿತಿ ಬೇರೆಯಾಗಿದೆ, ನಿಜ. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು. ಈಗ ಆ ಭತ್ತವನ್ನು ಬಹುಪಾಲು ಯಂತ್ರಗಳೇ ಕೊಯ್ಯುತ್ತವೆ. ಕುಡುಗೋಲಿನ ಕಾಲ ಮುಗಿಯಿತಲ್ಲ, ಇನ್ನು ನಿಷೇಧಿಸಿದರೆ ಯಾರಿಗೆ ನಷ್ಟ ಎಂದು ನೀರಾವರಿಯ ದೊಡ್ಡ ಹಿಡುವಳಿದಾರನೊಬ್ಬ ಕೇಳಬಹುದು. ಮಸ್ಕಿ, ಲಿಂಗಸುಗೂರುಗಳ ಮಳೆಯಾಶ್ರಯದ ಹೊಲಗಳಲ್ಲಿ ಯಂತ್ರ ಇಳಿಯದ ಮಡಿಗಳೇ ಹೆಚ್ಚು. ಜೋಳ, ಸಜ್ಜೆ, ತೊಗರಿ, ಹತ್ತಿಯ ಕಟ್ಟಿಗೆ, ಬದುವಿನ ಹುಲ್ಲು ಇವೆಲ್ಲ ಇಂದಿಗೂ ಕೈಯ ಕೆಲಸ. ಸ್ವಂತ ಹೊಲವಿಲ್ಲದವಳು ತನ್ನ ಕುಡುಗೋಲನ್ನು ತಾನೇ ಕೊಂಡೊಯ್ಯಬೇಕು. ಕೂಲಿ ಕೊಡುವವನು ಅದನ್ನು ಕೊಡುವುದಿಲ್ಲ. ಸಾರ್ವಜನಿಕ ದಾರಿಯಲ್ಲಿ ಅಲಗನ್ನು ಹಿಡಿಯಕೂಡದೆಂದರೆ, ಅವಳಿಗೆ ಹೊಲಕ್ಕೆ ಹೋಗುವ ದಾರಿಯೇ ಮುಚ್ಚಿದಂತೆ. ತನ್ನ ಹೊಲದಲ್ಲಿಯೇ ಮನೆ ಕಟ್ಟಿಕೊಂಡ ಧಣಿಗೆ ಈ ಕಾಯಿದೆಯ ಬಿಸಿ ತಟ್ಟುವುದೇ ಇಲ್ಲ.

ನಿಷೇಧ ಬೇಕೆನ್ನುವವರು ಪರದೇಶಗಳ ಕಡೆಗೆ ಬೆರಳು ತೋರುತ್ತಾರೆ. ಇಂಗ್ಲೆಂಡಿನಲ್ಲಿ ೧೯೮೮ರ ಕಾಯಿದೆಯ ಪ್ರಕಾರ, ಮೂರು ಅಂಗುಲಕ್ಕಿಂತ ಕಡಿಮೆ ಅಲಗಿನ ಮಡಿಚುವ ಚಾಕುವನ್ನು ಬಿಟ್ಟರೆ, ಬೇರಾವ ಅಲಗನ್ನು ಸಾರ್ವಜನಿಕವಾಗಿ ಕೊಂಡೊಯ್ದರೂ ತಕ್ಕ ಕಾರಣವನ್ನು ತೋರಿಸಬೇಕು. ಉದ್ಯೋಗ, ಧರ್ಮ, ರಾಷ್ಟ್ರೀಯ ಉಡುಪು ಇವು ತಕ್ಕ ಕಾರಣಗಳು. ಜಪಾನಿನ ೧೯೫೮ರ ಕಾಯಿದೆಯಲ್ಲಿ ಆರು ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ನ್ಯಾಯವಾದ ಕಾರಣವಿಲ್ಲದೆ ಒಯ್ಯುವುದಕ್ಕೆ ನಿಷೇಧವಿದೆ. ಅಲ್ಲಿ ಇವು ನಡೆಯುತ್ತಿರಲೂಬಹುದು. ಆದರೆ ಲಂಡನ್ನಿನ ಬೀದಿಯಲ್ಲಿ ಅಲಗು ಹಿಡಿದು ನಡೆಯುವವರು ವಿರಳ. ಕಾರಣ ಕೇಳಿಸಿಕೊಳ್ಳುವವರೂ ವಿರಳ. ಮಸ್ಕಿಯ ಬೀದಿಯಲ್ಲಿ ಅದನ್ನು ಹಿಡಿಯದೆ ನಡೆಯುವವರೇ ಬೆಳಗಿನ ಹೊತ್ತು ಕಡಿಮೆ. ಒಬ್ಬೊಬ್ಬರೂ ಕಾರಣ ಹೇಳುತ್ತ ನಿಂತರೆ ಬಿಸಿಲೇರುತ್ತದೆ, ಅರ್ಧ ಕೂಲಿ ಹೋಗುತ್ತದೆ.

ಇನ್ನೂ ಒಂದು ಮಾತು. ತಕ್ಕ ಕಾರಣವನ್ನು ತೋರಿಸುವ ಭಾರ ಹಿಡಿದವನ ಮೇಲಿರುವಾಗ, ಯಾರನ್ನು ನಿಲ್ಲಿಸಬೇಕೆಂಬ ಆಯ್ಕೆ ನಿಲ್ಲಿಸುವವನದಾಗಿರುತ್ತದೆ. ಕುರಿಗಾರ, ಲಂಬಾಣಿ ತಾಂಡೆಯವ, ಗುಳೆ ಹೋಗಿ ಬಂದ ಕೂಲಿಯವ ಇವರು ನಿಲ್ಲುತ್ತಾರೆ. ಆಸನದ ಕೆಳಗೆ ಲಾಂಗು ಇಟ್ಟುಕೊಂಡು ಮೋಟಾರಿನಲ್ಲಿ ಹೋಗುವವನು ಮುಂದೆ ಹೋಗುತ್ತಾನೆ. ಯಾವ ಜಿಲ್ಲೆಯ ಯಾವ ಠಾಣೆಯ ಮೇಲೂ ಹೊರಿಸುವ ಆಪಾದನೆ ಇದಲ್ಲ. ಕೆಳಗಿನವರನ್ನು ನಿಲ್ಲಿಸುವುದು ಸುಲಭ, ಮೇಲಿನವರನ್ನು ನಿಲ್ಲಿಸುವುದು ಕಷ್ಟ ಎಂಬುದು ಲೋಕರೂಢಿ.

ಅಲಗಿನ ಅಳತೆಯನ್ನು ಗೊತ್ತುಮಾಡಿ ಬಿಟ್ಟರೆ ಜಗಳವೇ ಉಳಿಯುವುದಿಲ್ಲವೆಂದು ಕೆಲವರಿಗೆ ತೋರುತ್ತದೆ. ದೆಹಲಿಯಲ್ಲಿ ೧೯೮೦ರಲ್ಲಿ ಹೊರಡಿಸಿದ ಅಧಿಸೂಚನೆಯೊಂದು ಹೀಗೆಯೇ ಅಳತೆಗೆ ಇಳಿದಿದೆ: ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಚಾಕುವಿನ ಅಲಗು ೭.೬೨ ಸೆಂಟಿಮೀಟರ್ ಉದ್ದ, ೧.೭೨ ಸೆಂಟಿಮೀಟರ್ ಅಗಲ ಮುಟ್ಟಿದರೆ ಅದು ನಿಯಂತ್ರಣಕ್ಕೆ ಒಳಪಡುತ್ತದೆ. ಗುಂಡಿಚಾಕುವಿಗೆ ಬೇರೆ ಕೆಲಸವಿಲ್ಲದ್ದರಿಂದ ಅದಕ್ಕೆ ಈ ಅಳತೆ ಹೊಂದಬಹುದು. ಕುಡುಗೋಲಿಗೆ, ಕೊಡಲಿಗೆ, ಮಚ್ಚಿಗೆ ಅಳತೆಪಟ್ಟಿ ಹಿಡಿದರೆ, ಮುದುಕಿಯ ಕುಡುಗೋಲು ಅಪರಾಧವಾಗಿ, ಪುಂಡನ ಜೇಬಿನ ಸಣ್ಣ ಚೂರಿ ಪಾರಾಗುತ್ತದೆ. ಕರುಳು ಹರಿಯಲು ಒಂಬತ್ತು ಅಂಗುಲ ಬೇಕಿಲ್ಲ.

ದೇವರ ಕೆಲಸಕ್ಕೆ ಹಿಡಿಯುವ ಅಲಗಿನ ಪ್ರಶ್ನೆಯೂ ಇದೆ. ವೀರಭದ್ರನ ಗುಗ್ಗುಳದಲ್ಲಿ ಪುರವಂತರು ಖಡ್ಗ ಹಿಡಿದು ಒಡಪು ಹೇಳುತ್ತ ಬೀದಿಯಲ್ಲಿ ಕುಣಿಯುವುದು ಈ ಸೀಮೆಯ ಹಳ್ಳಿಗಳಿಗೆ ಚಿರಪರಿಚಿತ. ಮಹಾನವಮಿಯಂದು ಮನೆಮನೆಯ ಕುಡುಗೋಲು ಕೊಡಲಿಗಳೆಲ್ಲ ಕುಂಕುಮ ಹಚ್ಚಿಸಿಕೊಳ್ಳುತ್ತವೆ. ಬೀದರಿನ ನಾನಕ ಝೀರಾಕ್ಕೆ ಬರುವ ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ ೨೫ನೆಯ ವಿಧಿಯೇ ಹೆಸರು ಹಿಡಿದು ರಕ್ಷಣೆ ಕೊಟ್ಟಿದೆ. ಕೊಡವರ ನಡುವಿನ ಪೀಚೆಕತ್ತಿ ಇಲ್ಲದೆ ಅವರ ಮದುವೆಯ ಉಡುಪು ಪೂರ್ಣವಾಗದು. ಹೀಗೆ ವಿನಾಯಿತಿಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ನಿಷೇಧದ ಕಾಯಿದೆಯಲ್ಲಿ ವಿನಾಯಿತಿಯ ಪುಟಗಳೇ ಹೆಚ್ಚಾದಾವು.

ಹಾಗೆಂದು ಲಾಂಗಿನ ಮೋಹವನ್ನು ಹಗುರವಾಗಿ ಕಾಣುವಂತಿಲ್ಲ. ೧೯೯೫ರ ‘ಓಂ’, ೨೦೦೫ರ ‘ಜೋಗಿ’ ಮೊದಲಾದ ಚಿತ್ರಗಳ ಕಾಲದಿಂದ ಲಾಂಗು ಕನ್ನಡದ ತೆರೆಯ ಮೇಲೆ ನಾಯಕನ ಕೈಗೊಂದು ಭೂಷಣವಾಗಿದೆ. ತೆರೆಯಿಂದ ಅದು ಕೈಫೋನಿಗೆ ಇಳಿದಿದೆ. ೨೦೨೫ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ದೂರದರ್ಶನದ ಕಾರ್ಯಕ್ರಮಗಳಿಂದ ಪರಿಚಿತರಾದ ಇಬ್ಬರು ರೀಲ್ಸಿಗಾಗಿ ಮಚ್ಚು ಹಿಡಿದು ನಡೆದು, ಆಯುಧ ಕಾಯಿದೆಯ ಮೇರೆಗೆ ಬಂಧನಕ್ಕೆ ಒಳಗಾದರು. ಹಿಡಿದದ್ದು ಕಬ್ಬಿಣದ್ದೋ ಫೈಬರಿನದೋ ಎಂಬುದೇ ಆಗ ದೊಡ್ಡ ಚರ್ಚೆಯಾಯಿತು. ತಾಲೂಕು ಊರುಗಳ ಹುಡುಗರೂ ಇವನ್ನೆಲ್ಲ ನೋಡುತ್ತಾರೆ, ನೋಡಿದ್ದನ್ನು ಮಾಡುತ್ತಾರೆ. ಹುಟ್ಟುಹಬ್ಬದ ಸಿಹಿರೊಟ್ಟಿಯನ್ನು ಖಡ್ಗದಿಂದ ಕತ್ತರಿಸುವ ವಿಪರೀತ ಚಾಳಿಯೂ ಬಂದಿದೆ. ಇಲ್ಲಿ ಕಾಯಿದೆ ಕಠಿಣವಾದರೆ ಅಳುವವರಿಲ್ಲ. ಬೇಸಾಯಕ್ಕೂ ಮನೆಗೂ ಬಾರದ, ಹೆದರಿಸುವುದಕ್ಕೆಂದೇ ಮಾಡಿದ ಅಲಗಿಗೆ ನಾಲ್ಕನೆಯ ಕಲಮಿನ ಅಧಿಸೂಚನೆ ತಕ್ಕ ಮದ್ದು. ಅದನ್ನು ಮಾಡಿಕೊಡುವ, ಮಾರುವ ಅಂಗಡಿಗಳ ಮೇಲೆ ಕಣ್ಣಿಟ್ಟರೆ ಇನ್ನೂ ಒಳ್ಳೆಯದು.

ಉಳಿದ ಅಲಗುಗಳಿಗೆ ಹೊತ್ತು ಮತ್ತು ಸ್ಥಳದ ಕಟ್ಟು ಸಾಕು. ೧೯೬೩ರ ಕರ್ನಾಟಕ ಪೋಲೀಸ್ ಕಾಯಿದೆಯ ೩೫ನೆಯ ಕಲಮು, ಗಲಭೆಯ ಸಂಭವವಿರುವಾಗ ಕತ್ತಿ, ಭರ್ಜಿ, ಚಾಕು, ದೊಣ್ಣೆ ಮೊದಲಾಗಿ ಹಿಂಸೆಗೆ ಬಳಸಬಹುದಾದ ಯಾವುದನ್ನೂ ಒಯ್ಯದಂತೆ ಆಜ್ಞೆ ಹೊರಡಿಸುವ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಹಿಂದಿನ ೧೪೪ನೆಯ ಕಲಮು, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ೧೬೩ನೆಯದಾಗಿದೆ. ಅದರಿಂದಲೂ ಇದೇ ಕೆಲಸವಾಗುತ್ತದೆ. ಚುನಾವಣೆಯ ದಿನ, ಮೆರವಣಿಗೆಯ ದಿನ, ಮುದಗಲ್ಲಿನ ಮೊಹರಮ್ಮಿನಂಥ ಸಾವಿರಾರು ಜನ ಸೇರುವ ದಿನ, ಆ ಹಾದಿ ಆ ಹೊತ್ತಿಗಷ್ಟೇ ಅಲಗು ಬೇಡವೆಂದರೆ ಯಾವ ರೈತನೂ ತಕರಾರು ಮಾಡಲಾರ. ಜರ್ಮನಿಯಲ್ಲಿಯೂ ೨೦೨೪ರ ಆಗಸ್ಟಿನಲ್ಲಿ ಜೋಲಿಂಗೆನ್ ಊರಿನ ಉತ್ಸವದಲ್ಲಿ ಚಾಕುವಿನ ಹಲ್ಲೆ ನಡೆದ ಮೇಲೆ, ಉತ್ಸವಗಳ ಬಯಲಿನಲ್ಲಿ ಚಾಕು ಒಯ್ಯುವುದನ್ನು ನಿಷೇಧಿಸಿದರು. ಆ ಊರು ಚಾಕು ಕತ್ತರಿಗಳ ತಯಾರಿಕೆಗೇ ಲೋಕಪ್ರಸಿದ್ಧವಾದದ್ದು! ಅಲ್ಲಿಯ ಜನ ಚಾಕು ಮಾಡುವುದನ್ನು ಬಿಡಲಿಲ್ಲ. ಜಾತ್ರೆಗೆ ತರುವುದನ್ನು ಬಿಟ್ಟರು. ಬಸ್ಸಿನಲ್ಲಿ ಒಯ್ಯುವ ಕುಡುಗೋಲಿನ ಅಲಗನ್ನು ಬಟ್ಟೆಯಿಂದಲೋ ಗೋಣಿಯಿಂದಲೋ ಸುತ್ತಿರಬೇಕೆಂಬ ನಿಯಮವೊಂದಿದ್ದರೂ ತಪ್ಪೇನಿಲ್ಲ. ಕೂಲಿಯ ಹೆಂಗಸರು ಯಾರೂ ಹೇಳದೆಯೇ ಅದನ್ನು ಪಾಲಿಸುತ್ತಿದ್ದಾರೆ. ಪಕ್ಕದವರ ಮಗುವಿಗೆ ತಾಗೀತೆಂಬ ಕಾಳಜಿ ಅವರಿಗೆ ಕಾಯಿದೆಗಿಂತ ಮೊದಲೇ ಇದೆ.

ಇಷ್ಟೆಲ್ಲ ಇದ್ದರೂ ೨೦೨೦ರ ಸಿಂಧನೂರಿನಂಥ ಕೊಲೆಯನ್ನು ಇವು ತಡೆಯಬಲ್ಲವೇ? ಪ್ರಾಮಾಣಿಕವಾಗಿ ಹೇಳುವುದಾದರೆ, ತಡೆಯಲಾರವು. ಕೊಲ್ಲಬೇಕೆಂದು ಹೊರಟವನು, ಗಲ್ಲಿಗೂ ಹೆದರದವನು, ಅಲಗು ಹಿಡಿದದ್ದಕ್ಕೆ ಆಗುವ ಮೂರು ವರ್ಷದ ಸೆರೆಗೆ ಹೆದರಿಯಾನೆ? ಅವನ ಕೈಗೆ ಆಯುಧ ಬರುವ ಮೊದಲು ಅವನ ಹಗೆ ಬೆಳೆದಿರುತ್ತದೆ. ಆಯುಧವನ್ನು ಸೀರೆಯ ತುಂಡಿನಲ್ಲಿ ಮುಚ್ಚಿಡಬಹುದು. ಹಗೆಯನ್ನು ಸಣ್ಣ ಊರಿನಲ್ಲಿ ಮುಚ್ಚಿಡಲಾಗದು. ಜಾತಿ ಮೀರಿದ್ದೋ ಹಿರಿಯರನ್ನು ಮೀರಿದ್ದೋ, ಒಂದು ಮದುವೆ ನಡೆದ ದಿನದಿಂದ ಬೆದರಿಕೆಯ ಮಾತುಗಳು ಓಣಿಯಿಂದ ಓಣಿಗೆ ಹೋಗುತ್ತವೆ. ಹೋಟೆಲಿನಲ್ಲಿ ಚಹ ಕುಡಿಯುವವರಿಗೂ ಗೊತ್ತು, ನೀರಿಗೆ ಬಂದ ಹೆಂಗಸರಿಗೂ ಗೊತ್ತು.

ಸರ್ವೋಚ್ಚ ನ್ಯಾಯಾಲಯವು ೨೦೧೮ರ ಮಾರ್ಚಿನಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಕೊಟ್ಟ ತೀರ್ಪು ಕೈಯಿಟ್ಟದ್ದು ಇಲ್ಲಿಯೇ. ಮನೆಯವರ ಅಥವಾ ಪಂಚಾಯತಿಯ ವಿರೋಧ ಎದುರಿಸುವ ದಂಪತಿಗಳ ದೂರನ್ನು ಕೇಳಲು ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ, ಇಪ್ಪತ್ತುನಾಲ್ಕು ಗಂಟೆಯ ಸಹಾಯವಾಣಿ, ತಂಗಲು ಸುರಕ್ಷಿತ ಮನೆ ಇವನ್ನು ಏರ್ಪಡಿಸಬೇಕೆಂದು ಅದು ವಿಧಿಸಿತು. ದೂರನ್ನು ಅಲಕ್ಷಿಸಿದ ಅಧಿಕಾರಿಯ ಮೇಲೆ ಶಿಸ್ತಿನ ಕ್ರಮ ಕೈಕೊಳ್ಳಬೇಕೆಂದೂ ಹೇಳಿತು. ಮಚ್ಚಿನ ಉದ್ದ ಎಷ್ಟಿರಬೇಕೆಂದು ಅಳೆಯುವುದಕ್ಕಿಂತ, ರಾಯಚೂರಿನ ಆ ಘಟಕದ ಬಾಗಿಲು ರಾತ್ರಿ ಹನ್ನೊಂದು ಗಂಟೆಗೆ ತಟ್ಟಿದರೆ ತೆರೆಯುತ್ತದೆಯೇ ಎಂದು ಜನಪ್ರತಿನಿಧಿಗಳು ಒಮ್ಮೆ ತಟ್ಟಿ ನೋಡುವುದು ಹೆಚ್ಚು ಪ್ರಯೋಜನಕರ.

ಕಾನೂನಿನ ಬತ್ತಳಿಕೆಯಲ್ಲಿ ಇನ್ನೊಂದು ಹಳೆಯ ಬಾಣವೂ ಇದೆ. ಹಿಂದೆ ೧೦೭ ಎಂದು ಜನಜನಿತವಾಗಿದ್ದ ಕಲಮು ಹೊಸ ಸಂಹಿತೆಯಲ್ಲಿ ೧೨೬ ಆಗಿದೆ. ಒಬ್ಬನಿಂದ ಶಾಂತಿಭಂಗವಾದೀತೆಂಬ ಮಾಹಿತಿ ಬಂದರೆ, ಅವನು ಇನ್ನೂ ಏನೂ ಮಾಡದಿದ್ದಾಗಲೇ ಅವನನ್ನು ಕರೆಸಿ, ಒಂದು ವರ್ಷದವರೆಗೆ ಶಾಂತಿಯಿಂದ ಇರುವೆನೆಂದು ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಉಂಟು. ಚುನಾವಣೆ ಬಂದಾಗ ಪುಂಡರ ಪಟ್ಟಿ ಮಾಡಿ ಹೀಗೆ ಬರೆಸಿಕೊಳ್ಳುವುದನ್ನು ಎಲ್ಲ ಠಾಣೆಗಳೂ ಬಲ್ಲವು. ಹೊಸ ಮದುಮಕ್ಕಳ ಮೇಲೆ ಹಲ್ಲು ಮಸೆಯುವ ಸೋದರಮಾವನಿಂದ, ದಾಯಾದಿಯ ಬದುವನ್ನು ಕೆದಕುತ್ತಿರುವ ಅಣ್ಣನಿಂದ ಇದನ್ನು ಬರೆಸಿಕೊಳ್ಳುವುದು ಅಷ್ಟು ರೂಢಿಯಲ್ಲಿಲ್ಲ. ಮನೆಯ ಜಗಳವೆಂದು ಸಮಾಧಾನ ಹೇಳಿ ಕಳಿಸುವ ಸಂಪ್ರದಾಯವೇ ಬಲವಾಗಿದೆ. ತಪ್ಪಿದವನ ಜಾಮೀನಿನ ಹಣ ಮುಟ್ಟುಗೋಲಾಗುತ್ತದೆಂಬುದು ಸಣ್ಣ ಭಯವಾಗಿರಬಹುದು. ಆದರೆ ಮುಚ್ಚಳಿಕೆ ಬರೆದವನ ಹೆಸರು ಸರಕಾರದ ಕಡತದಲ್ಲಿದೆಯೆಂಬುದು ಅವನಿಗೂ ಊರಿಗೂ ತಿಳಿದಿರುತ್ತದೆ. ಅವನ ಮನೆಯ ಮುಂದೆ ಪೇದೆಯೊಬ್ಬ ವಾರಕ್ಕೊಮ್ಮೆ ಸೈಕಲ್ಲು ನಿಲ್ಲಿಸಿದರೂ ಅವನ ಸುತ್ತ ಸೇರುವ ಗುಂಪು ಕರಗುತ್ತದೆ.

ಲಿಂಗಸುಗೂರಿನಲ್ಲಿ ಉಪವಿಭಾಗಾಧಿಕಾರಿಗಳಿದ್ದಾರೆ. ಸಿ೦ಧನೂರಿನಲ್ಲೂ, ಈಚೆಗೆ ತಾಲೂಕಾದ ಮಸ್ಕಿಯಲ್ಲೂ ತಹಶೀಲ್ದಾರರಿದ್ದಾರೆ. ಈ ಮುಚ್ಚಳಿಕೆಯನ್ನು ಬರೆಸಿಕೊಳ್ಳಲು ಅವರಾರೂ ಬೆಂಗಳೂರಿನಿಂದ ಹೊಸ ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ.